ಯಾವ ಪಟ್ಟಿಗೆ ತಂತಿ

ಅದಲ್ಲ ಕಳಕಪ್ಪ. ಆ ತೆಳು ತಂತಿ ಬಿಡು. ಈ ಪ್ಯಾಕೀಟು ತಗೋ.

ಯಾಕ ತಲಿ ಅಳ್ಳಾಡಸ್ತಿ? ವಾದ್ಯ ಮಾಡಿದವ ನಾನು. ತಂತಿ ಯಾವುದು ಅನ್ನೂದು ನನಗ ಬಿಡು.

ನಗ್ತಿ? ನಗು. ಜಲ್ಮ ಪೂರಾ ಬೆಟಗೇರ್ಯಾಗ ಹಾರ್ಮೋನಿಯಂ ಪೇಟಿ ರಿಪೇರಿ ಮಾಡಿದವ ನಾನು. ಇದು ಮೊದಲನೇ ಮ್ಯಾಂಡೋಲಿನ್. ಸೊಟ್ಟ ಐತಿ, ಖರೆ. ನಾ ಒಳಗ ಬರೂವಾಗ ನಿನ್ನ ಹೇಣ್ತಿನೂ ಅಂದ್ಲು, ಅಲ್ಲಾಉದ್ದೀನಣ್ಣ, ಕುಂಬಳಕಾಯಿಗೆ ಹಿಡಿಕಿ ಹಚ್ಚಿಕೊಂಡು ಬಂದೀರೇನು ಅಂತ. ನೀಲಗಂಗವ್ವಗ ಬಾಯಿ ಭಾಳ.

ದೊಡ್ಡದು ಬೇಕಂತ ಮಾಡೀನಿ. ಸಣ್ಣ ಮ್ಯಾಂಡೋಲಿನ್ ದನಿ ಹುಡುಗೀ ದನಿ. ನಿಂದು ಗಂಡು ದನಿ. ಒಂದು ಸಪ್ತಕ ಕೆಳಗ ನುಡೀಬೇಕು. ಹುಬ್ಬಳ್ಳ್ಯಾಗ ನಿನ್ನ ಗಂಟಲಪೆಟ್ಟಿಗಿ ತಗದ್ರು. ಇನ್ನ ಹಾಡಿಲ್ಲ, ಮಾತಿಲ್ಲ. ಕೈ ಐತಲ್ಲ. ನಾಟಕ ಕಂಪನಿಯೊಳಗ ಹತ್ತು ವರ್ಷ ಮ್ಯಾಂಡೋಲಿನ್ ಬಾರಿಸಿದ ಕೈ. ನಿನ್ನ ದನಿ ಇದ್ದಲ್ಲೆ ಇದು ನುಡೀಲಿ ಅಂತ ಮಾಡೀನಿ. ಅಷ್ಟ.

ಎರಡು ಬೆರಳು ಎತ್ತಿ ತೋರಸ್ತಿ. ಗೊತ್ತಾತು. ಕಾಳಿ ಎರಡು. ಪೇಟಿಯೊಳಗ ಎರಡನೇ ಕರೀ ಮನಿ, ಅಲ್ಲೆ ನಿನ್ನ ಷಡ್ಜ. ಮೂವತ್ತು ವರ್ಷ ನಿನ್ನ ಪಟ್ಟಿ, ನೀ ಹಾಡೂ ಶ್ರುತಿ, ಅದ ಇತ್ತು. ಇಲ್ಲ ಅಂದೆನೇನು?

ನಂಬರು ಹೆಚ್ಚಾದಂಗ ತಂತಿ ದಪ್ಪ. ಕಾಳಿ ಎರಡಕ್ಕ ನಲವತ್ತಾರರ ತಂತಿ ಸಾಕು. ಒಪ್ಪಿದೆ. ಆದರೂ ಐವತ್ತಾರು ಹಾಕೂಣು.

ಯಾಕ ಅಂದ್ರ... ದಪ್ಪ ತಂತಿಗೆ ದನಿ ತುಂಬಿ ಬರ್ತೈತಿ.

ಹೌದು, ಅದನ್ನ ಕಾಳಿ ಎರಡಕ್ಕ ಏರಿಸಿದ್ರ ವಾದ್ಯದ ಕುತ್ತಿಗಿ ಬಾಗತೈತಿ. ನೀ ನನಗ ಕಲಸಬ್ಯಾಡ. ಅಲ್ಲೀತನಕ ಏರಸೂದು ಬ್ಯಾಡ. ಸಫೇದ ಒಂದಕ್ಕ, ಮೊದಲನೇ ಬಿಳೀ ಮನಿಗೆ ಇಡೂಣು.

ಹಂಗ್ಯಾಕ ನೋಡ್ತಿ.

ಹಾಂ. ಮೂರು ಮನಿ ಕೆಳಗ. ಬೆರಳು ತೋರಸಬ್ಯಾಡ, ಎಣಸಾಕ ಬರ್ತೈತಿ ನನಗ.

ನಿನ್ನೆ ತಂತಿ ಕಟ್ಟಿ ನೋಡಿದೆ. ಕಾಳಿ ಎರಡಕ್ಕ ಕೈ ಏರಲಿಲ್ಲ. ಅದು ನಿನ್ನ ದನಿ ಅನಿಸಲಿಲ್ಲ. ಕಡೀಕ ನೀ ಹಾಡತಿದ್ದದ್ದು ಸಫೇದ ಒಂದರಾಗ.

ಇಲ್ಲ ಅನಬ್ಯಾಡ. ಪೇಟಿ ಮ್ಯಾಲ ಇದ್ದದ್ದು ನನ್ನ ಕೈ.

ಹೊಸಾ ಜಿಲ್ಲಾ ಆದ ವರ್ಷ ಮುಂಡರಗಿಯೊಳಗ ಭಜನಿ ಸ್ಪರ್ಧೆ ಆತಲ್ಲ. ಮ್ಯಾಲಿನ ಷಡ್ಜಕ್ಕ ನಿನ್ನ ದನಿ ಒಡೀತು. ನೀರು ಕುಡದು ಮತ್ತ ಹಾಡಿದಿ. ಮಂದಿಗೆ ತಿಳೀಲಿಲ್ಲ. ನನಗ ತಿಳೀತು. ಮುಂದಿನ ಸೋಮವಾರ ನಿಮ್ಮ ಅಸುಂಡಿ ಗುಡಿಗೆ ಬಂದಾಗ, ನೀ ಬರೂಕಿಂತ ಮೊದಲ ಪೇಟಿ ಒಂದು ಮನಿ ಇಳಿಸಿದೆ. ನನ್ನ ಪೇಟಿ ಗೊತ್ತೈತಲ್ಲ. ಕೀಲಿ ಎಳದ್ರ ಮನಿಗಳ ಸಾಲು ಪೂರಾ ಸರೀತೈತಿ. ಬೆರಳು ಒತ್ತೂದು ಹಳೇ ಜಾಗದಾಗ, ನುಡಿಯೂದು ಕೆಳಗ. ನಮ್ಮ ಮ್ಯಾಳದಾಗ ಉಳಿದದ್ದು ಬರೇ ತಾಳ, ದಮ್ಮಡಿ. ಅವಕ್ಕೇನು ಪಟ್ಟಿ? ಯಾರಿಗೂ ಗೊತ್ತಾಗಲಿಲ್ಲ. ನಿನಗೂ.

ಅವತ್ತು ಚೊಲೋ ಹಾಡಿದಿ. ಹತ್ತು ವರ್ಷ ಹಿಂದಕ ಹ್ವಾದಂಗಾತು ಅಂತ ಎಲ್ಲಾರಿಗೂ ಚಾ ಕುಡಿಸಿದಿ. ನಾನೂ ಕುಡದೆ.

ನಮ್ಮ ಉಸ್ತಾದ ಹಂಗ ಕಲಿಸಿದ್ದ. ಹಾಡಾವಂಗ ದನಿ ಇಳೀತು ಅಂತ ಹೇಳಬಾರದು. ಪೇಟಿಯವ ತಾನ ಇಳಿಸ್ಕೋಬೇಕು. ಅದು ಮರ್ಯಾದಿ.

ಶಿರಹಟ್ಟಿಗೆ ಹ್ವಾದಾಗ ಇನ್ನೊಂದು ಮನಿ ಇಳಿಸಿದೆ. ಲಕ್ಷ್ಮೇಶ್ವರದಾಗ ಇನ್ನೊಂದು. ಹನ್ನೊಂದು ತಿಂಗಳು ಹಿಂಗ ನಡೀತು.

ಕುಂಡ್ರು. ಇನ್ನೂ ಐತಿ.

ನಡುವ ಒಮ್ಮೆ ನೀಲಗಂಗವ್ವ ನನ್ನ ಅಂಗಡಿಗೆ ಬಂದಿದ್ಲು. ನಿನಗ ಹೇಳಿರಾಕಿಲ್ಲ. ಇವರ ದನಿ ಬ್ಯಾರೆ ಕೇಳಸಾಕತ್ತೈತಿ, ಡಾಕ್ಟರಿಗೆ ತೋರಸೂಣೇನು ಅಂತ ಕೇಳಿದ್ಲು. ನಾ ಅಂದೆ,

"ತಂಗಿ, ಪೇಟಿ ಹಿಡದು ಕುಂಡ್ರಾವ ನಾನು. ದನಿ ಇಳಿದಿದ್ರ ಮೊದಲ ನನಗ ಗೊತ್ತಾಗತಿರಲಿಲ್ಲೇನು?"

ಆಕಿ ನಂಬಿದ್ಲು. ಸಂತಿ ಮಾಡಿಕೊಂಡು ಊರಿಗೆ ಹ್ವಾದ್ಲು.

ಹುಬ್ಬಳ್ಳಿ ಡಾಕ್ಟರು ಅಂದದ್ದು ನೀನೂ ಕೇಳೀದಿ. ಆರು ತಿಂಗಳ ಮೊದಲ ಬಂದಿದ್ರ ದನಿ ಉಳಸಬಹುದಿತ್ತು ಅಂದ್ರು. ಆಗ ನಿನಗ ಇನ್ನೂ ಮಾತಿತ್ತು. ಹಾಡೂ ದನಿ ಇದ್ದಕ್ಕಿದ್ದಂಗ ಹೋತ್ರೀ ಅಂದಿ. ನಾ ಬಾಜೂಕ ನಿಂತಿದ್ದೆ. ನಿನ್ನ ಚೀಲ ಹಿಡಕೊಂಡಿದ್ದೆ. ಬಾಯಿ ಬಿಡಲಿಲ್ಲ.

ಇವತ್ತೂ ಬಿಡಬಾರದು ಅಂತನ ಬಂದಿದ್ದೆ. ಐವತ್ತಾರು ಕಟ್ಟಿ, ಕೈಯಾಗ ಕೊಟ್ಟು, ಬಸ್ಸು ಹತ್ತೂದು ಅಂತ. ನೀ ಎರಡು ಬೆರಳು ಎತ್ತಿದಿ.

ನಲವತ್ತಾರ ಬೇಕಾ? ಬೇಕಂದ್ರ ಅದನ್ನ ಹಾಕ್ತೀನಿ. ಕಾಳಿ ಎರಡಕ್ಕ ಏರಸ್ತೀನಿ. ಹೇಳು.

ಕೈ ಯಾಕ ತೊಡಿ ಮ್ಯಾಲ ಇಟ್ಟಿ.

ತಲೀನರ ಅಳ್ಳಾಡಸು.

ಕಳಕಪ್ಪ. ಬೈಯಲೇ. ಎಷ್ಟ ಬೈತಿ ಬೈ, ಕುಂತು ಕೇಳ್ತೀನಿ.

...

ಹಾಂ. ಬೈಯಾಕೂ ನಿನಗ ಏನೂ ಉಳಿಸಿಲ್ಲ ನಾ.