ಮಸೂರದ ಸಾರು

ಅಲೆಕ್ಸಾಂಡ್ರಿಯಾದ ಆಸ್ಪತ್ರೆಯಲ್ಲಿ ರಾವಿಯಾ ಕಾಯುತ್ತಾ ಕೂತಿದ್ದಳು. ಡಾಕ್ಟರ ಕೋಣೆಯಿಂದ ಅತ್ತೆ ಸೊಸೆಯರಿಬ್ಬರು ಬಂದು ಅವಳ ಪಕ್ಕದಲ್ಲೇ ನಿಂತರು. ಅತ್ತೆಯ ಕಂಕುಳಲ್ಲಿ ಎರಡು ವರ್ಷದ ಮೊಮ್ಮಗಳಿದ್ದಳು.

“ಕೇಳಿದ್ರಾ ಅತ್ತೆ? ಮಗೂಗೆ ರಕ್ತ ಚೆನ್ನಾಗಿದೆಯಂತೆ.”

“ಕೇಳಿಸ್ತು ಕಣೇ. ಮಾಂಸ ಕೊಡದಿದ್ರೆ ಒಣಗಿಹೋಗ್ತಾಳೆ ಅಂದಿದ್ದೆ. ನೋಡಿದ್ರೆ ಎತ್ತೋಕಾಗ್ದಷ್ಟು ಭಾರ!”

“ದಿನಾ ನನ್ನ ಮಸೂರದ ಬೇಳೆ ಸಾರು ತಿಂತಾಳಲ್ಲ, ಅದಕ್ಕೇ.”

“ನೀನು ಕೊಟ್ರೆ ಉಗೀತಾಳೆ. ನೀನು ಕೆಲಸಕ್ಕೆ ಹೋದ್ಮೇಲೆ ನಾನು ತಿನ್ನಿಸ್ತೀನಿ.”

ಸೊಸೆಯ ಮುಖ ಕಪ್ಪಿಟ್ಟಿತು. “ಏನು ತಿನ್ನಿಸ್ತೀರಿ? ಕೋಳಿನಾ?”

“ಅಯ್ಯೋ, ಮಾತು ಕೊಟ್ಟಿರ್ಲಿಲ್ವಾ ನಿಂಗೆ? ಅದೇ ಸಾರಿಗೆ ಜೀರಿಗೆ ಹುರಿದು ಹಾಕಿ, ನಿಂಬೆಹಣ್ಣು ಹಿಂಡ್ತೀನಿ. ಬಟ್ಟಲು ನೆಕ್ಕಿಬಿಡ್ತಾಳೆ.”

ಸೊಸೆ ನಕ್ಕುಬಿಟ್ಟಳು. “ಹಾಗಾದ್ರೆ ಇನ್ಮೇಲೆ ಸಾರು ನಿಮ್ದೇ.”

“ಆಗ್ಲಿ. ಮೊದ್ಲು ಇವಳನ್ನ ಎತ್ಕೋ, ನನ್ನ ಸೊಂಟ ಬಿದ್ದುಹೋಯ್ತು.”

ಮೆಟ್ಟಿಲಿಳಿಯುವಾಗಲೂ ಜೀರಿಗೆ ಎಷ್ಟು ಕೆಂಪಗಾಗಬೇಕೆಂದು ಅತ್ತೆ ಹೇಳುತ್ತಲೇ ಇದ್ದದ್ದು ರಾವಿಯಾಗೆ ಕೇಳಿಸುತ್ತಿತ್ತು.