ಮುಂದಿನ ಸೀಟಿಗೆ ಕಾದವನು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಶ್ರೀಮಂತ ಅಂದರೆ ಏಳು ತಲೆಮಾರಿಗಾಗುವಷ್ಟು ಇಟ್ಟವನೇನಲ್ಲ. ಒಂದು ಟೈಲ್ಸ್ ಅಂಗಡಿ, ಎರಡು ಗೋದಾಮು, ಒಂದು ದೊಡ್ಡ ಕಾರು. ಕೆಟ್ಟವನೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಕೆಟ್ಟವನ ಕಥೆ ಹೇಳಿದರೆ ನೀವೆಲ್ಲ ಆರಾಮಾಗಿ ಗೋಡೆಗೆ ಒರಗಿಕೊಂಡು ಪಕ್ಕದ ಮನೆಯವರನ್ನು ನೆನಪು ಮಾಡಿಕೊಳ್ಳುತ್ತೀರಿ. ಇದು ಒಳ್ಳೆಯವನ ಕಥೆ. ನೆಟ್ಟಗೆ ಕೂತು ಕೇಳಿ.

ಅವನಿಗೆ ಒಂದೇ ಒಂದು ಹುಚ್ಚು, ಮೈಲಿಯ ಹುಚ್ಚು. ಏನು ಹಾಗೆಂದರೆ? ಬ್ಯಾಂಕಿನವರು ಒಂದು ಕಾರ್ಡು ಕೊಡುತ್ತಾರೆ. ಅದನ್ನು ಉಜ್ಜಿ ಏನು ಕೊಂಡರೂ ವಿಮಾನದ ಕಂಪನಿಯವರು ನಿಮ್ಮ ಹೆಸರಿಗೆ ಇಷ್ಟು ಮೈಲಿ ಎಂದು ಸೇರಿಸುತ್ತಾರೆ. ಮೈಲಿ ರಾಶಿ ಬಿದ್ದ ಮೇಲೆ ಟಿಕೆಟ್ಟು ಹೆಚ್ಚುಕಡಿಮೆ ಪುಕ್ಕಟೆ. ಅದರಲ್ಲೂ ವಿಮಾನದ ಮುಂಭಾಗದ ಸೀಟು! ಕಾಲು ಚಾಚಿ ಮಲಗಬಹುದು, ಪಿಂಗಾಣಿ ತಟ್ಟೆಯಲ್ಲಿ ಊಟ ಬರುತ್ತದೆ, ಗಗನಸಖಿ ನಿಮ್ಮ ಹೆಸರು ಹಿಡಿದು ಮಾತಾಡಿಸುತ್ತಾಳೆ. ಆದರೆ ಒಂದು ತೊಡಕು ನೋಡಿ. ಮೈಲಿ ಕೊಟ್ಟವರಿಗೆ ಆ ಸೀಟನ್ನು ಕಂಪನಿಯವರು ಬೇಕಾದಾಗಲೆಲ್ಲ ಬಿಡುವುದಿಲ್ಲ. ಯಾವಾಗಲೋ ಒಂದು, ಯಾವಾಗಲೋ ಎರಡು. ಕಾಯಬೇಕು.

ನಮ್ಮ ಶ್ರೀಮಂತ ಕಾಯುವುದರಲ್ಲೂ ಗಟ್ಟಿಗ, ಮೈಲಿ ಕೂಡಿಸುವುದರಲ್ಲೂ ಗಟ್ಟಿಗ. ಕಾರ್ಡಿನ ಯಂತ್ರ ಇಲ್ಲ ಎಂಬ ಒಂದೇ ಕಾರಣಕ್ಕೆ ಇಪ್ಪತ್ತು ವರ್ಷ ಸೊಪ್ಪು ಕೊಟ್ಟ ಅಜ್ಜಿಯನ್ನು ಬಿಟ್ಟ. ಅಂಗಡಿಯ ಸಾಲಿನಲ್ಲಿ ಮುಂದೆ ನಿಂತ ಅಪರಿಚಿತರಿಗೆ, "ಸ್ವಾಮಿ, ನಿಮ್ಮ ಬಿಲ್ಲಿಗೆ ನನ್ನ ಕಾರ್ಡು ಉಜ್ತೀನಿ, ನೀವು ನಂಗೆ ನಗದು ಕೊಡಿ" ಅನ್ನುತ್ತಿದ್ದ. ಮಾವನಿಗೆ ಆಪರೇಷನ್ ಆದಾಗ ಆಸ್ಪತ್ರೆಯ ಬಿಲ್ಲು ಕಟ್ಟಲು ಎಲ್ಲರಿಗಿಂತ ಮೊದಲು ಓಡಿ ಬಂದವನು ಅವನೇ. ಎಲ್ಲರೂ ಹೊಗಳಿದರು. ಯಾಕೆ ಓಡಿ ಬಂದ ಅಂತ ಅವನ ಹೆಂಡತಿಗೆ ಮಾತ್ರ ಗೊತ್ತಿತ್ತು.

ಈ ಶ್ರೀಮಂತನಿಗೆ ಒಬ್ಬಳು ಅಕ್ಕ. ತಾಯಿ ಬೇಗ ತೀರಿಕೊಂಡಿದ್ದರಿಂದ ಇವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಮದುವೆಯಾದ ಮೇಲೆ ಗಂಡನ ಜೊತೆ ಸಿಂಗಾಪುರಕ್ಕೆ ಹೋಗಿ ಅಲ್ಲೇ ನೆಲೆಸಿದಳು. ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತು. ಗೌರಿ ಹಬ್ಬಕ್ಕೆ ಹೆಣ್ಣುಮಗಳಿಗೆ ತವರಿನ ಬಾಗಿನ ಹೋಗಬೇಕು. ಜೋಡಿ ಮೊರ, ಅದರೊಳಗೆ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ಅಕ್ಕಿ, ಬೇಳೆ, ತೆಂಗಿನಕಾಯಿ. ಅಣ್ಣನೋ ತಮ್ಮನೋ ಕೈಯಾರೆ ಕೊಡಬೇಕು. ನಮ್ಮ ಶ್ರೀಮಂತ ಏನು ಮಾಡುತ್ತಿದ್ದ? ಇಲ್ಲಿ ಕೂತು ಕಾರ್ಡು ಉಜ್ಜುತ್ತಿದ್ದ, ಅಲ್ಲಿನ ಅಂಗಡಿಯವರು ರೇಷ್ಮೆ ಸೀರೆಯ ಡಬ್ಬಿಯನ್ನು ಅವಳ ಮನೆ ಬಾಗಿಲಿಗೆ ಇಟ್ಟು ಹೋಗುತ್ತಿದ್ದರು. ಬಾಗಿನಕ್ಕೂ ಮೈಲಿ! ನಗುತ್ತೀರಾ? ನಗಿ, ನಗಿ.

ಒಂದು ದಿನ ಅಕ್ಕ ಫೋನ್ ಮಾಡಿದಳು.

"ಲೋ ಮರಿ, ಈ ಸಲ ಡಬ್ಬಿ ಕಳಿಸ್ಬೇಡ ಕಣೋ. ಮೊರ ನೀನೇ ಹಿಡ್ಕೊಂಡು ಬಾ. ನಾಲ್ಕೇ ದಿನ ಇದ್ದು ಹೋಗು. ನನ್ನ ಎದೆ ಸರಿಯಿಲ್ಲ ಅಂತಿದಾರೆ ಡಾಕ್ಟ್ರು."

"ಬರ್ತೀನಕ್ಕಾ. ರಾಜನ ಥರ ಬರ್ತೀನಿ ನೋಡ್ತಿರು. ಮುಂದಿನ ಸೀಟು ಸಿಗ್ಲಿ."

"ಹೋದ ವರ್ಷಾನೂ ಹಂಗೇ ಅಂದೆ. ಅದರ ಹಿಂದಿನ ವರ್ಷಾನೂ ಅಂದೆ. ಹಿಂದೆ ಕೂತ್ರೆ ವಿಮಾನ ಬೇರೆ ಊರಿಗೆ ಹೋಗುತ್ತೇನೋ?"

ಇವನು ನಕ್ಕ. ಆದರೆ ಅವಳ ಉಸಿರು ಮಾತಿನ ನಡುವೆ ಎರಡು ಸಲ ನಿಂತು ನಿಂತು ಬಂದದ್ದು ಅವನಿಗೆ ಕೇಳಿಸಿತು. ಭಯವಾಯಿತು. ಅವತ್ತೇ ಮೈಲಿ ಕೊಟ್ಟು ಹಿಂದಿನ ಸಾಲಿನಲ್ಲಿ ಎರಡು ಸೀಟು ಹಿಡಿದ. ಅಲ್ಲಿಗೆ ಸುಮ್ಮನಾಗಿದ್ದರೆ ನಾನು ಇವತ್ತು ಈ ಕಥೆ ಹೇಳುತ್ತಿರಲಿಲ್ಲ. ಹಿಂದೆ ಹಿಡಿದ ಕೈಯಲ್ಲೇ ಮುಂದಿನ ಸೀಟಿಗೂ ಹೆಸರು ಬರೆಸಿದ. ಬಿಟ್ಟರೆ ಮುಂದೆ, ಬಿಡದಿದ್ದರೆ ಹಿಂದೆ.

ಹಬ್ಬಕ್ಕೆ ಎರಡು ದಿನ ಮುಂಚೆ ಗಂಡಹೆಂಡತಿ ವಿಮಾನ ನಿಲ್ದಾಣಕ್ಕೆ ಬಂದರು. ಹೊರಗೆ ಮಳೆ ಬಿಟ್ಟ ಚುರುಕು ಬಿಸಿಲು. ಹೆಂಡತಿಯ ಕೈಯಲ್ಲಿ ಬಟ್ಟೆ ಸುತ್ತಿದ ಜೋಡಿ ಮೊರ. ಕೌಂಟರಿನವಳು ಹೇಳಿದಳು: "ಹಿಂದಿನ ಸೀಟು ಖಚಿತ ಸಾರ್. ಮುಂದಿನದು ಇನ್ನೂ ಗೊತ್ತಿಲ್ಲ. ಕಾಯೋದಾದ್ರೆ ಲೌಂಜಲ್ಲಿ ಕೂತ್ಕೊಳ್ಳಿ." ಲೌಂಜ್ ಅಂದರೆ ದೊಡ್ಡ ಸೀಟಿನವರು ಕಾಯುವ ಕೋಣೆ. ಊಟ ಉಪಚಾರ ಎಲ್ಲ ಅಲ್ಲೇ.

ಲೌಂಜಿನ ಬಾಗಿಲು ಅವರ ಹಿಂದೆ ಸದ್ದಿಲ್ಲದೆ ಮುಚ್ಚಿಕೊಂಡಿತು. ಮೆತ್ತನೆಯ ಜಮಖಾನೆ, ಹೆಜ್ಜೆ ಸಪ್ಪಳವೇ ಇಲ್ಲ. ಕಿಟಕಿ ಇಲ್ಲ, ಗೋಡೆ ಗಡಿಯಾರ ಇಲ್ಲ. "ಇಲ್ಲಿ ವಿಮಾನಗಳ ಹೆಸರು ಕೂಗುವುದಿಲ್ಲ" ಎಂದು ಒಂದು ಫಲಕ. ಮೇಜಿನ ಮೇಲೆ ಸೇಬು ಹೆಚ್ಚಿಟ್ಟಿದ್ದರು. ಹೆಂಡತಿ ಅದನ್ನೇ ನೋಡುತ್ತ ನಿಂತಳು. ಹೆಚ್ಚಿದ ಸೇಬು ಸ್ವಲ್ಪ ಹೊತ್ತಿಗೆ ಕಪ್ಪಾಗಬೇಕು ತಾನೆ? ಇದು ಆಗಿರಲಿಲ್ಲ. ತಿನ್ನುವವರೂ ಯಾರೂ ಇರಲಿಲ್ಲ.

ಬೂದು ಸೀರೆಯ ಹೆಂಗಸೊಬ್ಬಳು ಬಂದು ಕಾಫಿ ಇಟ್ಟಳು. "ಇನ್ನೊಂದು ಸ್ವಲ್ಪ ಹೊತ್ತು ಸಾರ್. ಒಳ್ಳೇದೇ ಬರತ್ತೆ" ಎಂದಳು. ಮುಖದ ತುಂಬ ನಗು. ಆಚೆ ಕುರ್ಚಿಯವರಿಗೂ ಅದೇ ಮಾತು ಹೇಳಿದಳು, ಅದೇ ನಗು ನಕ್ಕಳು.

ಆಚೆ ಕುರ್ಚಿಯಲ್ಲಿ ಜರಿ ಪೇಟದ ಮುದುಕರೊಬ್ಬರು ಕೂತಿದ್ದರು. ಶ್ರೀಮಂತ ಮಾತಿಗೆಳೆದ. "ಎಲ್ಲಿಗೆ ಹೊರಟ್ರಿ ಯಜಮಾನ್ರೇ?"

"ಮಗಳ ಮದುವೆ ಸ್ವಾಮಿ, ದುಬೈನಲ್ಲಿ. ನಾನೇ ಧಾರೆ ಎರೀಬೇಕು. ಮುಂದಿನ ಸೀಟು ಬಿಟ್ಟ ತಕ್ಷಣ ಹೊರಡೋದು." ಮುದುಕರು ಅಕ್ಕರೆಯಿಂದ ಲಗ್ನಪತ್ರಿಕೆ ತೆಗೆದು ತೋರಿಸಿದರು. ಅದರ ಅಂಚೆಲ್ಲ ಸವೆದು ನೂಲಾಗಿತ್ತು. ಶ್ರೀಮಂತ ತಾರೀಖು ಓದಿದ. ಹನ್ನೊಂದು ವರ್ಷದ ಹಿಂದಿನದು. ಇನ್ನೊಮ್ಮೆ ಓದಿದ. ಅದೇ.

ಅವರ ಪಕ್ಕದ ಹೆಂಗಸು ತಾನೇ ಮಾತಾಡಿದಳು. "ನಮ್ಮದು ಬಾಣಂತನ ಕಣಪ್ಪ. ಮೊಮ್ಮಗೂಗೆ ಅಂತ ಕಾಲ್ಗೆಜ್ಜೆ ಮಾಡಿಸಿದೀನಿ." ಅಂಗೈ ಬಿಚ್ಚಿದಳು. ಬೆಳ್ಳಿಯ ಗೆಜ್ಜೆ ಮಸಿಯಂತೆ ಕಪ್ಪಿಟ್ಟಿತ್ತು.

ಹೆಂಡತಿ ಅವನ ತೋಳು ಹಿಡಿದಳು. "ರೀ, ಏಳಿ. ಇವರು ಯಾರೂ ಸರಿಯಿಲ್ಲ. ವಿಮಾನ ಹೊರಡೋ ಹೊತ್ತಾಯ್ತು."

ಅವನಿಗೂ ಹಾಗೇ ಅನ್ನಿಸಿತ್ತು. ಎದ್ದ. ಎದ್ದೇಬಿಟ್ಟಿದ್ದ ಕಣ್ರಪ್ಪಾ! ಅಷ್ಟರಲ್ಲಿ ಬೂದು ಸೀರೆಯವಳು ಬಗ್ಗಿ ಮೆಲ್ಲಗೆ ಹೇಳಿದಳು: "ಸಾರ್, ಮುಂದಿನ ಹೆಸರು ನಿಮ್ಮದೇ."

ಬೇಯುವ ತನಕ ಕಾದವನು ಆರುವ ತನಕ ಕಾಯಲಾರನೇ? ಗಾದೆ ಅವನಿಗೂ ಗೊತ್ತಿತ್ತು. ಅವನು ಮತ್ತೆ ಕೂತ. "ನೀನು ಹೋಗಿ ವಿಮಾನದ ಬಾಗಿಲ ಹತ್ರ ಇರು. ಈ ಕಾಫಿ ಮುಗಿಸಿ ಬಂದೆ."

"ನಿಮ್ಮಕ್ಕ ಕಾಯ್ತಿದಾರೆ ರೀ."

"ಬಂದೆ ಅಂದ್ನಲ್ಲ!"

ಅವಳು ಮೊರ ಎದೆಗೆ ಒತ್ತಿಕೊಂಡು ಬಾಗಿಲು ದಾಟಿದಳು. ಅವನು ಲೋಟ ಎತ್ತಿ ಒಂದು ಗುಟುಕು ಕುಡಿದ. ನಾಲಿಗೆ ಸುಡುವಷ್ಟು ಬಿಸಿ. ಊದಿ ಎರಡನೆಯ ಗುಟುಕು ಕುಡಿದ. ಮೂರನೆಯದಕ್ಕೆ ಲೋಟ ಎತ್ತುವಾಗ ಬಾಗಿಲು ತೆರೆಯಿತು, ಹೆಂಡತಿ ಒಳಗೆ ಬಂದಳು. ಉಟ್ಟ ಸೀರೆ ಬೇರೆ. ಕಣ್ಣು ಊದಿತ್ತು. ಕೈಯಲ್ಲಿ ಮೊರ ಹಾಗೇ ಇತ್ತು, ಸುತ್ತಿದ ಬಟ್ಟೆಯ ಗಂಟೂ ಬಿಚ್ಚಿರಲಿಲ್ಲ.

"ಯಾಕೆ, ಹತ್ತಲಿಲ್ವಾ?" ಎಂದ.

"ಹೋಗಿ ಬಂದೆ" ಎಂದಳು.

"ಏನಂದೆ?"

"ಹೋಗಿ ಬಂದೆ ರೀ. ಹಬ್ಬ ಮುಗೀತು. ನಿಮ್ಮಕ್ಕ ಇಲ್ಲ."

ಅವನು ಕೈಯಲ್ಲಿದ್ದ ಕಾಫಿ ನೋಡಿದ. ಇನ್ನೂ ಹಬೆಯಾಡುತ್ತಿತ್ತು.

ಅವಳು ಕುರ್ಚಿಯ ಅಂಚಿನಲ್ಲಿ ಕೂತು ಹೇಳಿದಳು. "ಬಾಗಿಲು ತೆಗೆದವರೇ ನನ್ನ ಹಿಂದೆ ನೋಡಿದ್ರು. ಎಲ್ಲಿ ಅವನು, ಲಿಫ್ಟಲ್ಲಿ ಬರ್ತಿದಾನಾ ಅಂದ್ರು. ನಾನು ಹೂಂ ಅಂದೆ. ಏನ್ ಹೇಳ್ಲಿ? ಬಾಗಿನ ಕೊಡಕ್ಕೆ ಹೋದ್ರೆ ಮುಟ್ಟಲಿಲ್ಲ. ತಮ್ಮನ ಕೈಯಿಂದ ತಗೋತೀನಿ, ಬರ್ಲಿ ಅಂದ್ರು. ಹಬ್ಬದ ದಿನ ಬೆಳಗ್ಗೆ ತಲೆ ಸ್ನಾನ ಮಾಡಿ ಬಾಗಿಲ ಎದುರೇ ಕುರ್ಚಿ ಹಾಕ್ಕೊಂಡು ಕೂತ್ರು. ಮಧ್ಯಾಹ್ನ ಊಟಕ್ಕೆ ಎಬ್ಬಿಸಕ್ಕೆ ಹೋದ್ರೆ... ಕಣ್ಣು ಬಾಗಿಲ ಕಡೇನೇ ಇತ್ತು ರೀ."

ಅವನು ಲೋಟ ಕೆಳಗಿಟ್ಟು ಮೊರದ ಕಡೆ ಕೈ ಚಾಚಿದ. ಆಗ ಬೂದು ಸೀರೆಯವಳು ಬಂದಳು. ಅದೇ ನಗು.

"ಅಭಿನಂದನೆ ಸಾರ್. ಮುಂದಿನ ಸಾಲಲ್ಲಿ ಎರಡು ಸೀಟು ಬಿಟ್ಟಿದಾರೆ."

ಪೇಟದ ಮುದುಕರು ಆಸೆಗಣ್ಣಿನಿಂದ ಅವನ ಕಡೆ ತಿರುಗಿದರು. "ನಿಮಗೆ ಸಿಕ್ಕೇಬಿಡ್ತಲ್ಲಾ! ಪುಣ್ಯವಂತರು ಸ್ವಾಮಿ ನೀವು."

ಕಥೆ ಇಷ್ಟೇ. ಆಮೇಲೆ ಅವನು ಎದ್ದನೋ ಇಲ್ಲವೋ ಎಂದು ಕೇಳಬೇಡಿ. ಎದ್ದು ಯಾರ ಮನೆಗೆ ಹೋಗಬೇಕಿತ್ತು, ಹೇಳಿ?

ಈಗ ನಿಮ್ಮ ಕಡೆ ಬರುತ್ತೇನೆ. ನಗು ನಿಂತುಹೋಯಿತಲ್ಲ, ಒಳ್ಳೆಯದಾಯಿತು. "ಸ್ವಾಮಿಗಳೇ, ನಮಗೆ ಮೈಲಿಯೂ ಇಲ್ಲ, ವಿಮಾನವೂ ಇಲ್ಲ" ಎನ್ನುವವರು ಈ ಸಭೆಯಲ್ಲಿ ಬೇಕಾದಷ್ಟು ಜನ ಇದ್ದೀರಿ. ಆದರೆ ಆ ಕೋಣೆಯಲ್ಲಿ ನೀವು ಇಲ್ಲವೇ? ಹೊಸ ಕಾರು ಬರಲಿ, ಆಮೇಲೆ ಚಿಕ್ಕಮ್ಮನ ಮನೆಗೆ ಹೋಗೋಣ. ಮನೆಗೆ ಬಣ್ಣ ಆಗಲಿ, ಆಮೇಲೆ ಭಾವನನ್ನು ಊಟಕ್ಕೆ ಕರೆಯೋಣ. ಮೈ ಸ್ವಲ್ಪ ಇಳಿಯಲಿ, ಕೆಲಸ ಕಾಯಂ ಆಗಲಿ, ಆಮೇಲೆ ಗೆಳೆಯನ ಎದುರು ಹೋಗಿ ನಿಲ್ಲೋಣ. ಯಾರಿಗೆ ಬೇಕಾಗಿತ್ತಪ್ಪಾ ನಿನ್ನ ಕಾರು? ಕಾಯುತ್ತಾ ಕೂತವಳು ನಿನ್ನ ಮುಖ ಕೇಳಿದಳು. ನೀನು ಎಂಥ ಗತ್ತಿನಲ್ಲಿ ಬಂದೆ ಅಂತ ಅವಳು ಕೇಳಿದಳೇ?

ಒಳ್ಳೆಯ ಸೀಟಿನಲ್ಲಿ ಕೂರುವುದು ಪಾಪವಲ್ಲ. ಸಿಕ್ಕರೆ ಕೂತುಕೊಳ್ಳಿ, ನಾನೂ ಕೂರುತ್ತೇನೆ. ಹೊರಡದಿರುವುದಕ್ಕೆ ಅದನ್ನು ನೆಪ ಮಾಡುತ್ತೀರಲ್ಲ, ಅದು ಪಾಪ. ಪ್ರೀತಿ ಕಮ್ಮಿಯಾಗಿ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಈಗ ಇರುವ ಹಾಗೆ ಹೋದರೆ ಸಣ್ಣವರಾಗುತ್ತೇವೆ ಎಂಬ ಅಂಜಿಕೆಗೆ ತಪ್ಪಿಸಿಕೊಳ್ಳುತ್ತೇವೆ. ಈ ಅಂಜಿಕೆ ನನಗೂ ಇದೆ. ಆದ್ದರಿಂದಲೇ ಇಷ್ಟು ಕೋಪದಿಂದ ಮಾತಾಡುತ್ತಿದ್ದೇನೆ.

ಇವತ್ತು ನೀವು ಮಾಡಬೇಕಾದದ್ದು ಒಂದೇ. ಮಂಗಳಾರತಿ ಆದ ಮೇಲೆ, ಚಪ್ಪಲಿ ಹುಡುಕುವುದಕ್ಕೂ ಮೊದಲು, ಯಾರಿಗೆ "ಬರ್ತೀನಿ ಬರ್ತೀನಿ" ಎಂದು ವರ್ಷಗಟ್ಟಲೆ ಹೇಳುತ್ತಿದ್ದೀರೋ ಅವರಿಗೆ ಫೋನ್ ಮಾಡಿ. ಆದರೆ ಬರ್ತೀನಿ ಅನ್ನಬೇಡಿ. ಆ ಮಾತು ಸವೆದು ಹೋಗಿದೆ. ಯಾವ ದಿನ, ಯಾವ ಬಸ್ಸು, ಎಷ್ಟು ಗಂಟೆಗೆ ಇಳಿಯುತ್ತೇನೆ ಎಂದು ಹೇಳಿ. ಹೇಳಿದ ಮೇಲೆ ಆ ಬಸ್ಸು ಹತ್ತಿ. ಸೀಟು ಇರಲಿಲ್ಲವೋ, ನಿಂತುಕೊಂಡು ಹೋಗಿ.