ಮೇಲಿನ ಮನೆಯ ಪಶ್ಚಿಮ ಬರ್ಲಿನ್

ಅಯ್ಯೋ, ಟೀಪಾಯಿ ಮೇಲೆ ಬೇಡ ರೀ ಜೂಡಿತ್, ಅದರ ಕಾಲು ಅಲ್ಲಾಡುತ್ತೆ. ಊಟದ ಟೇಬಲ್ ಮೇಲೇ ಇಡಿ. ನಿಧಾನ... ಹಾಂ. ಇಷ್ಟು ದೊಡ್ಡ ರಟ್ಟು ಹೊತ್ಕೊಂಡು ಒಬ್ರೇ ಮೆಟ್ಟಿಲಿಳಿದು ಬಂದ್ರಾ? ಮಗ ಬ್ರಯಾನ್‌ನ ಕರೀಬಾರದಿತ್ತಾ? ಹೋಗ್ಲಿ, ಬಂದ್ರಲ್ಲ. ಕೂತ್ಕೊಳ್ಳಿ.

ಕೂರಲ್ವಾ? ಇನ್ನೂ ಕೋಪ. ಇರಲಿ, ನನಗೂ ಇದೆ. ನೋಡಿ, ನನ್ನ ರಟ್ಟಿನ ಪೂರ್ವ ಬರ್ಲಿನ್ನು ಇಲ್ಲೇ ಇದೆ, ಧೂಳು ಬೀಳದ ಹಾಗೆ ಹಳೇ ಸೀರೆ ಹೊದಿಸಿಟ್ಟಿದೀನಿ. ನಿಮ್ಮ ಪಶ್ಚಿಮದ್ದನ್ನ ಪಕ್ಕಕ್ಕೆ ತಳ್ಳಿ... ಇನ್ನೂ ಸ್ವಲ್ಪ... ಅಲ್ಲ, ಸೇರ್ತಾನೇ ಇಲ್ವಲ್ಲ! ಬ್ರೆಡ್ ಕೊಯ್ಯೋ ಚಾಕುವಲ್ಲಿ ಊರು ಕೊಯ್ದರೆ ಇನ್ನೇನಾಗುತ್ತೆ. ಹಾಗೆ ನೋಡ್ಬೇಡಿ. ಹೌದು, ಇನ್ನೊಂದು ತುದಿ ಹಿಡ್ಕೊಂಡಿದ್ದು ನಾನೇ.

ಆದ್ರೆ ನೀವು ಏನೇ ಅಂದ್ಕೊಳ್ಳಿ, ಆ ಬ್ರಾಂಡೆನ್‌ಬರ್ಗ್ ಹೆಬ್ಬಾಗಿಲು ಇದ್ದದ್ದು ರಷ್ಯಾದವರ ಕಡೆ. ಮ್ಯಾಪಲ್ಲೇ ಇದೆ. ಚರ್ಚಲ್ಲಿ ಉರಿದು ಉಳಿದ ಮೇಣದಬತ್ತಿ ತಂದು ಕಂಬ ಮಾಡಿದ್ದು ನೀವು, ಚೆನ್ನಾಗೇ ಮಾಡಿದ್ರಿ, ಇಲ್ಲ ಅನ್ನಲ್ಲ. ಅದಕ್ಕೇ ಅದು ಮೇಲಿನ ಮನೆಗೇ ಹೋಗ್ಬೇಕು ಅಂದ್ರೆ? ಹಂಗಾದ್ರೆ ನದಿಗೆ ನೀಲಿ ಬಳಿದದ್ದು ನಾನು, ನದಿ ಪೂರ್ತಿ ನಂದಾ?

ಮಕ್ಕಳ ಹಿಸ್ಟರಿ ಪ್ರಾಜೆಕ್ಟ್ ರೀ ಇದು. ನಿಮ್ಮ ಬ್ರಯಾನು, ನಮ್ಮ ಅನಘಾ ಸೇರಿ ಮಾಡಬೇಕಿದ್ದದ್ದು. ಸ್ವಲ್ಪ ಸಹಾಯ ಮಾಡೋಣ ಅಂತ ನಾವು ಕೂತ್ವಿ... ಆ ಮಕ್ಕಳು ಯಾವಾಗ ಎದ್ದು ಹೋದ್ರೋ ಇಬ್ಬರಿಗೂ ಗೊತ್ತಾಗ್ಲಿಲ್ಲ.

ಅನಘಾ ಏನಂದ್ಲು ಗೊತ್ತಾ? ಯುದ್ಧದಲ್ಲಿ ಒಂದೇ ಕಡೆ ನಿಂತು ಗೆದ್ದೋರು, ಗೆದ್ದ ಮೇಲೆ ಒಂದು ಊರು ಹಂಚ್ಕೊಂಡು ಅದಕ್ಕಾಗಿ ಕಿತ್ತಾಡಿದ್ರು, ಅದೇ ಪಾಠ ಅಂದ್ಲು. ಆಮೇಲೆ ನನ್ನ ಮುಖ ನೋಡಿ, "ಮಾಮ್, ದಟ್ಸ್ ಯು ಆಂಡ್ ಜೂಡಿತ್ ಆಂಟಿ" ಅಂತ.

ಸುಳ್ಳೇನಲ್ಲ. ಕೆಳಗೆ ಆ ಬಾರ್ ಬಂದಾಗ ನಾವಿಬ್ರೂ ಹೆಂಗಿದ್ವಿ! ಬೆಳಗಿನವರೆಗೂ ಧಬಧಬ ಅಂತ ಹಾಡು, ಕಿಟಕಿ ಗಾಜೆಲ್ಲ ನಡುಗೋದು. ಬಿಲ್ಡಿಂಗಿನ ಗಂಡಸರು ಕಿವಿಗೆ ಹತ್ತಿ ಇಟ್ಕೊಂಡು ಮಲಗಿದ್ರು. ಆ ಮಟಾಟು ವ್ಯಾನುಗಳನ್ನ ಹತ್ತಿ ಹತ್ತಿ ದೂರು ಕೊಡಕ್ಕೆ ಕೌಂಟಿ ಆಫೀಸಿಗೆ ಅಲೆದೋರು ನಾವಿಬ್ರೇ. ಕೊನೆಗೆ ಆ ಮ್ಯಾನೇಜರ್, ಇದು ನಿಮ್ಮ ದೇಶ ಅಲ್ಲ, ನ್ಗಾರಾ ಏರಿಯಾ, ಇಲ್ಲಿ ಹಿಂಗೇ ಅಂದಾಗ, ನೀವು ಹೋಗಿ ಅವನ ಸ್ಪೀಕರ್ ಮೇಲೆ ಕೂತೇ ಬಿಟ್ರಿ. ಯಾಕೆ ನಗ್ತೀರಿ? ನಕ್ರಿ, ನಾನು ನೋಡಿದೆ. ಕೂತು ರೋಜರಿ ತೆಗೆದು ಪ್ರಾರ್ಥನೆ ಶುರು ಮಾಡಿದ್ರಿ. ನಾನು ಪಕ್ಕದ ಸ್ಪೀಕರ್ ಮೇಲೆ ಕೂತು ಬಾಯಿಗೆ ಬಂದ ದೇವರನಾಮ. ಕುಡಿಯಕ್ಕೆ ಬಂದೋರೆಲ್ಲ ಬಾಗಿಲಿಂದಲೇ ವಾಪಸ್!

ಬಾರ್ ಹೋಯ್ತು... ಆಮೇಲೆ ನಿಮ್ಮ ಪಾಡಿಗೆ ನೀವು, ನಮ್ಮ ಪಾಡಿಗೆ ನಾವು. ಮೆಟ್ಟಿಲಲ್ಲಿ ಸಿಕ್ಕಿದ್ರೆ ಇಲ್ಲಿನೋರ ಥರ ನೀವೊಂದು 'ಸವಾ', ನಾನೊಂದು 'ಸವಾ', ಸರಿ ಸರಿ ಅಂತ, ಮುಗೀತು. ನಮ್ಮನೆಯವರಿಗೆ ಆಫೀಸು ಬಿಟ್ರೆ ಬೇರೆ ಲೋಕ ಇಲ್ಲ. ಮಗಳಿಗೆ ಕನ್ನಡದಲ್ಲಿ ಬೈದ್ರೆ ಇಂಗ್ಲಿಷಲ್ಲಿ ಸಾರಿ ಅಂತಾಳೆ. ಈ ಊರಲ್ಲಿ ಕನ್ನಡದಲ್ಲಿ ಜಗಳ ಆಡಕ್ಕೆ ನನಗಿರೋದು ನೀವೊಬ್ರೇ ರೀ. ಅದಕ್ಕೇ ಇರಬೇಕು, ಸಿಕ್ಕಿದ್ದೇ ಸಿಕ್ಕಿದ್ದು, ಪೂರ್ತಿ ಆಡಿಬಿಟ್ಟೆ.

ನೀವು ಹೆಬ್ಬಾಗಿಲು ಎತ್ಕೊಂಡು ಹೋದ್ರಿ, ನಾನು ಗ್ಲೂ ಗನ್ ಕೊಡಲ್ಲ ಅಂದೆ. ಮಾರನೇ ದಿನ ನೋಡ್ತೀನಿ, ಬಾಲ್ಕನಿಯಲ್ಲಿ ಮೇಲಿಂದ ಹಗ್ಗ ಕಟ್ಟಿದ ಬುಟ್ಟಿ ಇಳೀತಿದೆ! ನನ್ನ ಮಗಳೇ ಗ್ಲೂ ಗನ್ ಇಟ್ಟು ಮೇಲಕ್ಕೆ ಕಳಿಸ್ತಿದ್ದಾಳೆ. ಬದಲಿಗೆ ನಿಮ್ಮ ನೀರುದೋಸೆ ಬಂದಿತ್ತು. ತಿಂದೆ. ಶತ್ರುವಿನ ಮನೆಯದ್ದು ಅಂತ ಗೊತ್ತಿದ್ದೇ ತಿಂದೆ.

ಸರಿ, ಬೇಗ ಅಂಟಿಸೋಣ. ನಾಳೆ ಸ್ಕೂಲಿಗೆ ಕೊಡಬೇಕು, ಮೆಸೇಜಲ್ಲಿ ಬರೆದಿದ್ನಲ್ಲ. ಎರಡೂ ಅರ್ಧ ಸೇರಿರಲೇಬೇಕಂತೆ... ಇಲ್ಲಾಂದ್ರೆ ಮಾರ್ಕ್ಸ್ ಇಲ್ವಂತೆ. ಟೀಚರ್ ಖಡಾಖಂಡಿತವಾಗಿ ಹೇಳಿದಾರೆ. ಯಾರ ಹತ್ರಾನಾ? ಅನಘಾ ಹತ್ರ. ಹೂಂ, ಅನಘಾ ಹತ್ರಾನೇ.

ಎಷ್ಟು ಹೊತ್ತಿಗೆ ಅಂತ ಕೇಳಲ್ವಾ? ಯಾರ ಕಾರಲ್ಲಿ ತಗೊಂಡು ಹೋಗೋದು ಅಂತ? ಬ್ರಯಾನ್‌ಗೆ ಒಂದು ಮಾರ್ಕ್ ಕಮ್ಮಿ ಆದ್ರೆ ಸ್ಕೂಲಿಗೇ ಹೋಗಿ ನಿಲ್ಲೋರು ನೀವು.

ಜೂಡಿತ್. ಬ್ರಯಾನ್ ಹೇಳಿದ್ನಾ?

ಹೇಳಿದಾನೆ. ನಿಮ್ಮ ಮುಖ ನೋಡಿದ್ರೇ ಗೊತ್ತಾಗುತ್ತೆ. ಮಕ್ಕಳು ಲ್ಯಾಪ್‌ಟಾಪಲ್ಲೇ ಬೇರೆ ಮಾಡಿ ಹೋದ ವಾರವೇ ಕಳಿಸಿದ್ರು, ಮಾರ್ಕ್ಸೂ ಬಂದಾಯ್ತು, ಈ ರಟ್ಟಿನ ಊರು ಯಾರಿಗೂ ಬೇಡ... ನನಗೂ ಗೊತ್ತಿತ್ತು ರೀ. ಯಾವ ಟೀಚರೂ ಏನೂ ಹೇಳಿಲ್ಲ. ನಿಮ್ಮನ್ನ ಕೆಳಗೆ ಕರೆಸಕ್ಕೆ ಬೇರೆ ನೆಪ ಹೊಳೀಲಿಲ್ಲ. ಮೇಲೆ ನೀವು ಓಡಾಡೋ ಸದ್ದು ಕೇಳುತ್ತೆ, ಮಾತು ಮಾತ್ರ ಇಲ್ಲ. ಬೇಜಾರಾಗಿತ್ತು, ತುಂಬಾ ಬೇಜಾರಾಗಿತ್ತು.

ಬೈಯಿರಿ, ಬೈಸ್ಕೋತೀನಿ... ಬೈಯಲ್ವಾ?

ಒಂದು ನಿಮಿಷ. ಬ್ರಯಾನ್ ನಿಮಗೆ ಯಾವಾಗ ಹೇಳಿದ್ದು? ನನ್ನ ಮೆಸೇಜ್ ಬರೋಕೆ ಮುಂಚೇನಾ?

ಅಲ್ಲ ರೀ... ಎಲ್ಲ ಗೊತ್ತಿದ್ದೂ ಇದನ್ನ ಹೊತ್ಕೊಂಡು ಬಂದ್ರಾ?